ಅತ್ತೆಯ ಸೂಜಿಮದ್ದು

ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಗುರುತು ಇದೆ. ಮದುವೆಯಾಗಿ ಬಂದ ಮೊದಲ ವರ್ಷ ಹುರುಳಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ ಎಂದು ಅತ್ತೆ ಒಲೆಯ ಮೇಲಿನ ಸೌಟು ತೆಗೆದು ಇಟ್ಟ ಗುರುತು. ನಾನೇನು ಸುಮ್ಮನಿರುವವಳಲ್ಲ. ಸಾರಿನ ಮಡಕೆ ಎತ್ತಿ ಅಂಗಳಕ್ಕೆ ಎಸೆದೆ. ಅವತ್ತು ಮನೆಯವರೆಲ್ಲ ಮುದ್ದೆಗೆ ಉಪ್ಪು, ಮೆಣಸಿನಕಾಯಿ ನೆಂಚಿಕೊಂಡು ಉಂಡರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬರಲಿ, ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಬಂತು. ಬಂದಾಗ ಅದೇ ಅತ್ತೆಯ ಜೀವ ಉಳಿಸಲು ಚಾಮರಾಜನಗರ, ಗುಂಡ್ಲುಪೇಟೆ ಎಂದು ಬಸ್ಸು ಹತ್ತಿ ಇಳಿದೆ, ಏಟು ತಿಂದೆ, ಏಟು ಕೊಟ್ಟೆ ಕೂಡ.

ನಮ್ಮೂರು ತೆರಕಣಾಂಬಿಯಿಂದ ಒಂದೂವರೆ ಮೈಲಿ. ಐವತ್ತರ ದಶಕದ ಮೊದಲ ವರ್ಷಗಳು. ಮಾವ ತೀರಿಕೊಂಡ ಮೇಲೆ ನನ್ನ ಗಂಡನ ಅಣ್ಣ ಪಾಲು ಕೇಳಿದ. ಭಾವನಿಗೆ ಬಹುವಚನ ಕೊಡಬೇಕು, ಗೊತ್ತು. ನನ್ನ ಬಾಯಿಗೆ ಬರುವುದಿಲ್ಲ. ಹೊಲ, ತೆಂಗಿನ ಮರ, ಎತ್ತು, ಒರಳುಕಲ್ಲು ಎಲ್ಲ ಎರಡು ಪಾಲಾಯಿತು. ಅತ್ತೆಯೂ ಎರಡು ಪಾಲಾದಳು. ಯುಗಾದಿಯಿಂದ ದೀಪಾವಳಿವರೆಗೆ ದೊಡ್ಡವನ ಮನೆ, ದೀಪಾವಳಿಯಿಂದ ಯುಗಾದಿವರೆಗೆ ನಮ್ಮ ಮನೆ. ಊಟ, ವರ್ಷಕ್ಕೆರಡು ಸೀರೆ, ತಲೆಗೆ ಎಣ್ಣೆ ಎಂದು ಪಾಲುಪತ್ರದಲ್ಲಿ ಬರೆಸಿದ್ದರು. ಮದ್ದು ಎಂದು ಬರೆಸಲು ಯಾರಿಗೂ ಹೊಳೆದಿರಲಿಲ್ಲ.

ಕೆಮ್ಮು ಹುಟ್ಟಿದ್ದು ಶ್ರಾವಣದಲ್ಲಿ, ಭಾವನ ಮನೆಯಲ್ಲಿ. ದೀಪಾವಳಿಯ ಮಾರನೆಯ ದಿನ ಅವನು ತಾಯಿಯನ್ನು ಚಾಪೆ, ತಟ್ಟೆ ಸಮೇತ ನಮ್ಮ ಬಾಗಿಲಲ್ಲಿ ಬಿಟ್ಟುಹೋದ. ಹದಿನೈದು ದಿನ ಕಳೆದಿರಲಿಲ್ಲ, ಒಲೆಯ ಮುಂದೆ ಕೂತು ಕೆಮ್ಮಿದ ಅತ್ತೆಯ ಬಾಯಿಂದ ಬೂದಿಯ ಮೇಲೆ ರಕ್ತ ಬಿತ್ತು. ಈ ಹೆಂಗಸು ಸಾಯಲಿ ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ, ಆ ರಕ್ತ ಕಂಡ ಗಳಿಗೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಚಾಮರಾಜನಗರದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಬೆನ್ನು ಬಡಿದು, ಕೊಳವೆ ಇಟ್ಟು ನೋಡಿ ಕ್ಷಯ ಎಂದರು.

"ಮಿಕ್ಸ್ಚರ್ ಇಲ್ಲೇ ಧರ್ಮಕ್ಕೆ ಸಿಗುತ್ತಮ್ಮ. ಸೂಜಿಮದ್ದು ಮಾತ್ರ ಹೊಸದು, ಹೊರಗಡೆಯಿಂದ ಕೊಳ್ಳಬೇಕು. ಮೂರು ತಿಂಗಳು ತಪ್ಪದೆ ಹಾಕಿಸಿದರೆ ಬದುಕ್ತಾರೆ. ಇಲ್ಲದಿದ್ರೆ ಮುಂದಿನ ಮಳೆಗಾಲ ಕಾಣೋದು ಕಷ್ಟ" ಎಂದರು. ಬೆಲೆ ಕೇಳಿದೆ. ಒಂದು ಜೊತೆ ಒಳ್ಳೆಯ ಎತ್ತು ಮಾರಿದರೆ ಆಗುವಷ್ಟು. ನಮ್ಮ ಮನೆಯಲ್ಲಿ ಒಂದು ಜೊತೆ ಇತ್ತು, ಭಾವನ ಮನೆಯಲ್ಲಿ ಎರಡು ಜೊತೆ.

"ಕೆಮ್ಮು ಅವ್ನ ಪಾಲ್ನಲ್ಲಿ ಉಟ್ಟಿದ್ದು, ಮದ್ದು ಅವ್ನೇ ಕೊಡುಸ್ಲಿ" ಎಂದ ನನ್ನ ಗಂಡ.

"ರಕ್ತ ಬಿದ್ದಿದ್ದು ಅವ್ನ ಮನೇಲಿ. ನಮ್ಮನೇಲಿದ್ದಾಗ ಬರೀ ಕೆಮ್ಮು ಕಣವ್ವ. ಕೆಮ್ಮು ಯಾರ್ಗಿಲ್ಲ" ಎಂದ ಭಾವ. ನನ್ನ ಮೈ ಉರಿದುಹೋಯಿತು. ಇಬ್ಬರೂ ಕೆಟ್ಟವರಲ್ಲ, ಆದರೆ ಒಬ್ಬ ಮೊದಲು ಬಗ್ಗಿದರೆ ಇನ್ನೊಬ್ಬ ಗೆದ್ದ ಹಾಗೆ. ಇವರ ಗೆಲುವಿಗೆ ಬೆಂಕಿ ಬೀಳ.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರೇ ಒಂದು ದಾರಿ ಹೇಳಿದರು. ಗುಂಡ್ಲುಪೇಟೆಯ ಮಂಡಿ ವರ್ತಕರು ಬರುವ ಒಂದೊಂದು ಗಾಡಿಯ ಮಾಲಿನ ಮೇಲೂ ಧರ್ಮಕ್ಕೆಂದು ಒಂದಿಷ್ಟು ಎತ್ತಿಡುತ್ತಾರೆ, ಅದರಿಂದ ಗತಿಯಿಲ್ಲದ ಮುದುಕರಿಗೆ ಮದ್ದು ಕೊಡಿಸುತ್ತಾರೆ ಎಂದರು. ಹೋದೆ. ಬೆಲ್ಲದ ಮೂಟೆಗಳ ನಡುವೆ ಕೂತಿದ್ದ ವಯಸ್ಸಾದ ಸಾಹುಕಾರರು ಎಲ್ಲ ಕೇಳಿಸಿಕೊಂಡು, "ಗಂಡುಮಕ್ಳು ಅವ್ರಾ?" ಎಂದರು. ಇದ್ದಾರೆ ಎಂದೆ.

"ಮಕ್ಳಿರೋರ್ಗೆ ಕೊಡಕ್ಕಾಯ್ಕಿಲ್ಲ ಕಣವ್ವ. ಕೊಟ್ರೆ ನಾಳಿಕ್ಕೆ ಊರೋರೆಲ್ಲ ಅವ್ವಂದಿರ್ನ ತಂದು ನಮ್ಮ ಬಾಗ್ಲಲ್ಲಿ ಕೂರುಸ್ತಾರೆ. ಗಂಡು ದಿಕ್ಕಿಲ್ಲ ಅಂತ ನಿಮ್ಮೂರ್ ಪಟೇಲ ಬರ್ಕೊಟ್ರೆ ತಕ್ಕೊಂಡ್ ಬಾ." ಅವರು ಹೇಳಿದ್ದೂ ಸರಿಯೇ.

ಪಟೇಲರ ಮುಂದೆ ನಿಂತು, "ಇದ್ದೂ ಸತ್ತಂಗವ್ರೆ, ಇಲ್ಲ ಅಂತ್ಲೇ ಬರೀರಿ ಗೌಡ್ರೇ" ಎಂದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಸುಳ್ಳು ಕಾಗದಕ್ಕೆ ರುಜು ಹಾಕಿದರೆ ಪಟೇಲಿಕೆ ಹೋಗುತ್ತದೆ ಎಂದರು. "ಆಯಮ್ಮನೇ ಚಾವಡಿಗೆ ಬಂದು, ಲಿಂಗ ಅಂಗೈಲಿಟ್ಕೊಂಡು ಯೋಳ್ಲಿ. ಲಿಂಗದ ಮುಂದೆ ಆಡಿದ್ ಮಾತ ನಾನು ಸುಳ್ಳು ಅನ್ನಕ್ಕಿಲ್ಲ, ಬರ್ಕೊಡ್ತೀನಿ." ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕೊರಳಲ್ಲಿ ಕಟ್ಟಿದ ಲಿಂಗವನ್ನು ಸಾಯುವವರೆಗೆ ಮೈಯಿಂದ ದೂರ ಮಾಡುವುದಿಲ್ಲ, ಅದನ್ನು ಕೈಯಲ್ಲಿಟ್ಟುಕೊಂಡು ಸುಳ್ಳಾಡುವುದಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಹಾಗೇ ಮಲಗಿದ್ದವಳು ಎದ್ದು, ಗೋಡೆಗೆ ಒರಗಿಸಿದ್ದ ಊರುಗೋಲು ತೆಗೆದು ನನ್ನ ಮೊಣಕಾಲಿಗೆ ಬೀಸಿದಳು. ಆ ಒಣಗಿದ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. "ಬದ್ಕಿರೋ ಮಕ್ಳನ್ನ ನನ್ನ ಬಾಯಿಂದ ಸಾಯಿಸ್ತೀಯೇನೆ? ನಾನೇ ಸತ್ರೂ ಆ ಮಾತ ಆಡಕ್ಕಿಲ್ಲ" ಎಂದು ಇನ್ನೆರಡು ಬಿಟ್ಟಳು. ಹೆತ್ತವರಿಗೆ ಹೆಗ್ಗಣ ಮುದ್ದು. ಸಂಜೆ ಸುದ್ದಿ ಗಂಡನ ಕಿವಿಗೂ ಬಿತ್ತು. "ನನ್ನ ಸತ್ತೋದ ಅಂತ ಬರ್ಸಕ್ಕೋಗಿದ್ಯಾ" ಎಂದು ಜುಟ್ಟು ಹಿಡಿದು ಗೋಡೆಗೆ ಗುದ್ದಿದ. ನಾನು ಅವನ ತೋಳಿಗೆ ಹಲ್ಲು ಊರಿ, ರಕ್ತ ಬರುವವರೆಗೂ ಬಿಡಲಿಲ್ಲ. ಒಂದೇ ದಿನ ತಾಯಿ ಮಗ ಇಬ್ಬರ ಕೈಯಲ್ಲೂ ತಿಂದವಳು ಊರಿನಲ್ಲಿ ನಾನೊಬ್ಬಳೇ ಇರಬೇಕು.

ರಾಗಿ ಒಕ್ಕುವ ಹೊತ್ತಿಗೆ ಅತ್ತೆ ಮೂಳೆ ಚಕ್ಕಳವಾಗಿದ್ದಳು. ಪಾಲಾದರೂ ಕಣ ಒಂದೇ ಇತ್ತು. ಅಣ್ಣ ತಮ್ಮ ಇಬ್ಬರೂ ಅಲ್ಲೇ ಒಕ್ಕಬೇಕು. ಅವತ್ತು ಬೆಳಿಗ್ಗೆ ಅತ್ತೆ ಬಿಸಿಲು ಕಾಯಲು ಕಣದ ಅಂಚಿನಲ್ಲಿ ಕೂತಿದ್ದಳು. ಕೆಮ್ಮು ಹತ್ತಿತು, ನಿಲ್ಲಲಿಲ್ಲ.

"ಆ ಕೆಮ್ಮ ಕೇಳುಸ್ಕೊಳ್ಳಣ್ಣ. ನಿನ್ನ ಪಾಲಿನ್ ಕೆಮ್ಮು ಅದು" ಎಂದ ನನ್ನ ಗಂಡ.

"ಬಾಯ್ಮುಚ್ಲಾ. ಎತ್ ಮಾರೋ ಯೋಗ್ತೆ ಇಲ್ದೋನು ಎಂಡ್ತೀನ ಪಟೇಲ್ನ ಮನೆಗೆ ಕಳಿಸ್ತಾನೆ" ಎಂದ ಭಾವ.

ಆ ಮಾತಿಗೆ ನನ್ನ ಗಂಡ ನುಗ್ಗಿದ. ಭಾವನ ಕೈಯಲ್ಲಿ ಹುಲ್ಲು ತಿರುವುವ ಕವೆಗೋಲಿತ್ತು. ಬೀಸಿದ ಹೊಡೆತಕ್ಕೆ ನನ್ನ ಗಂಡನ ನೆತ್ತಿ ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವನು ಕಣ್ಣು ಕಾಣದೆಯೇ ಅಣ್ಣನನ್ನು ಕೆಡವಿ, ಎರಡು ಕೈಯಲ್ಲಿ ಕಲ್ಲು ಎತ್ತಿ ಅವನ ಮುಂಗೈ ಮೇಲೆ ಹಾಕಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮತ್ತೆ ಕಲ್ಲು ಎತ್ತಿದ, ಈ ಸಲ ತಲೆಗೆ. ನಾನು ಅವನ ಸೊಂಟ ಹಿಡಿದು ಜಗ್ಗಿದೆ, ಒದ್ದು ಬಿಸಾಡಿದ. ಆಗ ಅತ್ತೆ ತೆವಳಿಕೊಂಡು ಬಂದು ಇಬ್ಬರ ನಡುವೆ ಬಿದ್ದಳು. ಕಲ್ಲು ಪಕ್ಕಕ್ಕೆ ಉರುಳಿತು. ಅವರು ಮಾತ್ರ ಬಿಡಲಿಲ್ಲ. ತಾಯಿಯ ಮೈ ಮೇಲೆಯೇ ಹೊರಳಾಡಿ ಒಬ್ಬರ ಕುತ್ತಿಗೆ ಒಬ್ಬರು ಅಮುಕಿದರು. ಒಬ್ಬನ ಮಂಡಿ ಅವಳ ಎದೆಗೆ ಊರಿತ್ತು. ಯಾರ ಮಂಡಿ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಪಕ್ಕದ ಹೊಲದವರು ಓಡಿ ಬಂದು ಬಿಡಿಸಿದರು. ಅತ್ತೆ ರಾಗಿ ಹುಲ್ಲಿನ ಮೇಲೆ ರಕ್ತ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಕ್ಕಳ ಕಡೆ ನೋಡಲಿಲ್ಲ.

"ನಡಿಯಮ್ಮಿ, ಚಾವಡಿಗೆ" ಎಂದಳು.

ಎತ್ತಿಕೊಂಡೇ ಹೋದೆ, ಭಾರವೇ ಇರಲಿಲ್ಲ. ಚಾವಡಿಯಲ್ಲಿ ಪಟೇಲರ ಜೊತೆ ಊರಿನ ಹಿರಿಯರಿಬ್ಬರು ಇದ್ದರು. ಅತ್ತೆ ಕೊರಳಿನ ಕರಡಿಗೆ ಬಿಚ್ಚಿ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡಳು.

"ನಂಗೆ ಗಂಡುಮಕ್ಳಿಲ್ಲ ಗೌಡ."

"ಇದ್ರಲ್ಲವ್ವ" ಎಂದರು ಪಟೇಲರು, ಮೆಲ್ಲಗೆ.

"ಇದ್ರು. ಇವತ್ತು ಕಣದಲ್ಲಿ ಸತ್ತೋದ್ರು."

ಹೆಬ್ಬೆಟ್ಟು ಒತ್ತಿದಳು. ತಲೆಗೆ ಪಂಚೆ ಸುತ್ತಿಕೊಂಡ ನನ್ನ ಗಂಡ, ಮುರಿದ ಕೈ ಎದೆಗೆ ಅವಚಿಕೊಂಡ ಭಾವ, ಇಬ್ಬರೂ ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದರು. ಇಬ್ಬರಿಗೂ ಕೇಳಿಸಿತು. "ಮದ್ದಿಗೋಸ್ಕರ ಆಡಿದ್ ಮಾತು, ಬುಡು" ಎಂದ ಭಾವ. ನಾನೂ ಹಾಗೇ ಅಂದುಕೊಂಡೆ. ಕಾಗದಕ್ಕೆ ಒಂದು ಮಾತು, ಅಷ್ಟೇ ಎಂದುಕೊಂಡೆ. ಅದು ನಾವೆಲ್ಲ ಮಾಡಿದ ತಪ್ಪು.

ಮದ್ದು ಸಿಕ್ಕಿತು. ಮೂರು ತಿಂಗಳು ದಿನಾ ಅತ್ತೆಯನ್ನು ಗಾಡಿಯಲ್ಲಿ ತೆರಕಣಾಂಬಿಗೆ ಕರೆದೊಯ್ದು ಕಾಂಪೌಂಡರ್ ಕೈಯಲ್ಲಿ ಸೂಜಿ ಹಾಕಿಸಿದೆ. ಕೆಮ್ಮು ಇಳಿಯಿತು, ಮುಖಕ್ಕೆ ಕಳೆ ಬಂತು, ನನ್ನನ್ನು ಬೈಯುವಷ್ಟು ಗಂಟಲೂ ಬಂತು. ಆದರೆ ಅತ್ತೆ ಮನೆಯೊಳಗೆ ಮಲಗಲಿಲ್ಲ. ಕೊಟ್ಟಿಗೆಯ ಪಕ್ಕದ ಜಗಲಿಗೆ ಚಾಪೆ ಹಾಕಿಸಿಕೊಂಡಳು. ನನ್ನ ಗಂಡ ಎದುರಿಗೆ ಬಂದರೆ ದಾರಿಹೋಕನಿಗೆ ಸರಿಯುವ ಹಾಗೆ ಸರಿದು ಕೂರುತ್ತಿದ್ದಳು. "ಆ ಯಪ್ಪ ಉಂಡ್ನಾ?" ಎಂದು ನನ್ನನ್ನು ಕೇಳುತ್ತಿದ್ದಳು. ನನ್ನನ್ನು ಮಾತ್ರ ಮಗಳೇ ಎನ್ನುತ್ತಿದ್ದಳು.

ಯುಗಾದಿಗೆ ಭಾವ ಗಾಡಿ ಕಟ್ಟಿಕೊಂಡು ತನ್ನ ಪಾಲು ಕರೆದೊಯ್ಯಲು ಬಂದ. "ಯಾವೂರಪ್ಪ ನಿಂದು?" ಎಂದಳು ಅತ್ತೆ. ಅವನು ನೆಟ್ಟಗಿದ್ದ ಒಂದು ಕೈ ಎತ್ತಿದ, ಹೊಡೆಯಲಾರದೆ ಅವಳ ನೀರಿನ ಮಡಕೆಯನ್ನು ಒದ್ದು ಚೂರು ಮಾಡಿ ಹೋದ. ಆ ಮಳೆಗಾಲದಲ್ಲಿ ಒಂದು ದಿನ ನನ್ನ ಗಂಡನೂ ತಡೆಯಲಾರದೆ ತಾಯಿಯ ಎರಡು ಭುಜ ಹಿಡಿದು ಕುಲುಕಿದ. "ನಾನ್ಯಾರು ಯೋಳು, ಯೋಳವ್ವ" ಎನ್ನುತ್ತ ಕುಲುಕುತ್ತಲೇ ಇದ್ದ. ಅವಳ ತಲೆ ಕಂಬಕ್ಕೆ ಬಡಿಯುತ್ತಿತ್ತು. "ಮಗಳೇ, ಯಾರೋ ನನ್ನ ಕೊಲ್ತಾವ್ರೆ" ಎಂದಳು ಅತ್ತೆ. ಒನಕೆ ತಂದು ಅವನ ಬೆನ್ನಿಗೆ ಹಾಕಿದೆ. ಅವನು ಅಲ್ಲೇ ಕುಸಿದು ಅತ್ತ, ಏಟಿಗಲ್ಲ.

ನಾನು ಕೇಳಿಯೇಬಿಟ್ಟೆ. "ಮದ್ದು ಮುಗೀತಲ್ಲತ್ತೆ. ಇನ್ನಾದ್ರೂ ಮಗ ಅನ್ನು."

"ಅಂದ್ರೆ ಆ ಮದ್ದು ಕದ್ದಂಗಾಯ್ತದೆ ಕಣಮ್ಮಿ" ಎಂದಳು. "ದಿಕ್ಕಿಲ್ದೋರ್ದು ಅದು. ಮಕ್ಳನ್ನ ಮಡಿಕ್ಕೊಂಡು ಅದ ತಿಂದಿದ್ರೆ, ಯಾವೂರ್ನಾಗೋ ಯಾರೂ ಇಲ್ದ ಮುದ್ಕಿ ಬಾಯಿಂದ ಕಿತ್ಕೊಂಡಂಗೆ."

ಐದು ವರ್ಷ ಬದುಕಿದಳು. ಕೊನೆಗೆ ಬಂದದ್ದು ಕ್ಷಯವಲ್ಲ, ಮುಪ್ಪು. ಎರಡು ದಿನದಿಂದ ಗಂಜಿ ಬಿಟ್ಟಿದ್ದವಳು ಒಂದು ಮಧ್ಯಾಹ್ನ ಕೈ ಸನ್ನೆ ಮಾಡಿ ನನ್ನನ್ನು ಕರೆದಳು. ನನ್ನ ಗಂಡ ಜಗಲಿಯ ಕೆಳಗೆ, ಐದು ವರ್ಷದಿಂದ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದ. ಅತ್ತೆ ಕೊರಳಿನ ಕರಡಿಗೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, "ಇಡ್ಕೊ" ಎಂದಳು. ಲಿಂಗ ಮೈಯಿಂದ ದೂರವಾದರೆ ನಮ್ಮವರಿಗೆ ಸತ್ತ ಲೆಕ್ಕ. ಚಾವಡಿಯ ಮಾತಿಗೆ ಸಾಕ್ಷಿಯಾದ ಲಿಂಗ ಈಗ ನನ್ನ ಕೈಯಲ್ಲಿತ್ತು.

"ಮಗಾ, ಬಾ ಇಲ್ಲಿ."

ಅವನು ಬಂದ. ಅತ್ತೆ ಅವನ ಕೂದಲಲ್ಲಿ ಬೆರಳಾಡಿಸಿ ನೆತ್ತಿಯ ಗಾಯದ ಗೆರೆ ಹುಡುಕಿದಳು. "ನೋಯ್ತದಾ ಇನ್ನೂವೆ?" ಎಂದಳು. "ನಿಮ್ಮಣ್ಣನ್ ಕೈ ಕೂಡ್ಕೊಂತಾ?" ಎಂದಳು. ಹೂಂ ಎಂದು ತಲೆಯಾಡಿಸಿದ. ಸುಳ್ಳು, ಆ ಕೈ ಸೊಟ್ಟಗೇ ಕೂಡಿತ್ತು.

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಕಟ್ಟಮ್ಮಿ" ಎಂದಳು. ಸೌಟಿನ ಗುರುತಿನ ಕೈಯಲ್ಲೇ ದಾರ ಹಿಡಿದು ಕರಡಿಗೆಯನ್ನು ಮತ್ತೆ ಅವಳ ಕೊರಳಿಗೆ ಕಟ್ಟಿದೆ. ನನ್ನ ಗಂಡ ಅವಳ ಕಾಲು ಹಿಡಿದು "ಅವ್ವಾ" ಎಂದ. ಅವಳು ಅವನ ಕಡೆ ತಿರುಗಲಿಲ್ಲ.

"ಆ ಯಪ್ಪ ಯಾಕಮ್ಮಿ ಅಳ್ತಾನೆ?" ಎಂದು ನನ್ನನ್ನು ಕೇಳಿದಳು. "ಅಸ್ದಿರ್ಬೇಕು. ಉಣ್ಣಕ್ಕೆ ಇಕ್ಕೋಗು."

ನಾನು ಎದ್ದು ಒಳಗೆ ಹೋಗಿ ತಟ್ಟೆ ಹಾಕಿದೆ.