ಏಕಾದಶಿಯ ಸೀಸೆ

ಗಾಣಗಾಪುರದ ಔದುಂಬರದ ಬುಡದಲ್ಲಿ, ಉದುರಿದ ಹಣ್ಣುಗಳ ಮೇಲೆ ಸಣ್ಣ ನೊಣಗಳು ಕವಿದಿರುವುದನ್ನು ಕಂಡರೆ ಇಂದಿಗೂ ಪ್ರದಕ್ಷಿಣೆಯ ನಡುವೆ ನನ್ನ ಕಾಲು ನಿಲ್ಲುತ್ತದೆ.

ಅದು ನಿಜಾಮರ ಆಳ್ವಿಕೆಯ ಕಡೆಗಾಲ. ಅಫಜಲಪುರದಲ್ಲಿ ನಾನು ಆಗತಾನೆ ವೈದ್ಯವೃತ್ತಿಗೆ ಇಳಿದಿದ್ದೆ. ತಂದೆಯವರಿಗೆ ಎದೆಯ ಬೇನೆ. ಎರೆನೆಲದ ದಾರಿ ಒಣಗಿದೊಡನೆ ಅವರನ್ನು ಸೋಲಾಪುರದ ಆಸ್ಪತ್ರೆಗೆ ಕರೆದೊಯ್ಯಲು ಸೋದರಮಾವ ಬಂಡಿ ತರುವವರಿದ್ದರು. ನನಗಾದರೋ ನಾನೇ ಕಾಸಿದ ನೆಲ್ಲಿಕಾಯಿಯ ರಸಾಯನದಲ್ಲಿ ನಂಬಿಕೆ. ಅದು ಆಯುಷ್ಯವನ್ನು ಬೆಳೆಸುವುದೇ ಎಂದು ಮನುಷ್ಯರಲ್ಲಿ ನೋಡಲು ಒಂದು ಜನ್ಮ ಬೇಕು, ಹಣ್ಣಿನ ನೊಣದಲ್ಲಾದರೆ ಎರಡು ತಿಂಗಳು ಸಾಕು ಎಂದು ಕಲಬುರ್ಗಿಯ ವಿಜ್ಞಾನದ ಮಾಸ್ತರರೊಬ್ಬರು ಹೇಳಿದ್ದರು.

ಒಂದೇ ದಿನ ಹುಟ್ಟಿದ ನೊಣಗಳನ್ನು ಎರಡು ಸೀಸೆಗಳಲ್ಲಿಟ್ಟು ಬಾಯಿಗೆ ಅರಿವೆ ಕಟ್ಟಿದೆ. ಒಂದರ ಬಾಳೆಹಣ್ಣಿಗೆ ರಸಾಯನ ಬೆರೆಸಿ, ಔಷಧವನ್ನೆಲ್ಲ ದೇವರ ಮುಂದಿಡುವ ನಮ್ಮ ಮನೆಯ ವಾಡಿಕೆಯಂತೆ ದೇವರ ಕೋಣೆಯಲ್ಲಿರಿಸಿದೆ. ಬರಿಯ ಹಣ್ಣಿನದು ಪಡಸಾಲೆಯ ಗೂಡಿನಲ್ಲಿತ್ತು. ನಿತ್ಯ ಹಣ್ಣು ಬದಲಿಸುವ ಕೆಲಸ ತಾಯಿಯದು.

"ನೊಣಕ್ಕ ಮುಪ್ಪು ಬಂದದ್ದು ಹ್ಯಾಂಗ ತಿಳೀತದಲೇ? ಗಡ್ಡ ಬೆಳ್ಳಗ ಆಗ್ತದೇನು?" ಎಂದು ತಂದೆಯವರು ಕೆಮ್ಮುತ್ತಲೇ ನಕ್ಕಿದ್ದರು.

ಪಡಸಾಲೆಯ ನೊಣಗಳೆಲ್ಲ ಸತ್ತ ಮೇಲೂ ದೇವರ ಕೋಣೆಯವು ಹಾರಾಡುತ್ತಿದ್ದವು. ತಂದೆಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಮರುದಿನ ಮುಂಜಾನೆ ಬಂಡಿ ಬಂದಾಗ, "ನನ್ನ ಮಗನ ಔಷಧನೇ ಸಾಕ್ರಿ, ನೀವು ಹೋಗಿಬರ್ರಿ" ಎಂದು ಮಾವನನ್ನು ಬೀಳ್ಕೊಟ್ಟರು.

ನಾನು ದೇವರಿಗೆ ಕೈಮುಗಿಯಲು ಒಳಗೆ ಹೋದೆ. ತಾಯಿ ಸೀಸೆಯಿಂದ ಹಣ್ಣನ್ನು ತೆಗೆಯುತ್ತಿದ್ದಳು.

"ಯಾಕವ್ವಾ?"

"ಇವತ್ತ ಏಕಾದಶಿ ಅದಪ್ಪ. ದೇವರ ಕೋಣ್ಯಾಗ ಉಣ್ಣಾಕ ಇಡ್ತಾರೇನು? ತೀರ್ಥದಾಗ ಅದ್ದಿದ ಹತ್ತಿ ಇಟ್ಟೇನಿ."

"ಪ್ರತಿ ಏಕಾದಶಿಗೂ?"

"ಹೌದು ಮತ್ತ. ಪಡಸಾಲ್ಯಾಗಿನವಕ್ಕ ಏನ್ ನೇಮ ಅದ, ದಿನಾ ತಿಂತಿದ್ದವು."

ಬದುಕಿಸಿದ್ದು ರಸಾಯನವೋ ಉಪವಾಸವೋ ನಾನು ಇನ್ನು ಹೇಳುವಂತಿರಲಿಲ್ಲ. ಎತ್ತಿನ ಗೆಜ್ಜೆಯ ಸದ್ದು ಊರ ಅಗಸೆಬಾಗಿಲ ಕಡೆಯಿಂದ ಇನ್ನೂ ಕೇಳಿಸುತ್ತಿತ್ತು. ಓಡಿದ್ದರೆ ಬಂಡಿ ಸಿಗುತ್ತಿತ್ತು. ಹೊರಗೆ ತಂದೆಯವರು ನೆರೆಯವರಿಗೆ ನನ್ನ ವಿದ್ಯೆಯನ್ನು ಹೊಗಳುತ್ತಿದ್ದರು. ನಾನು ಗೆಜ್ಜೆಯ ಸದ್ದು ಅಡಗುವವರೆಗೆ ದೀಪದ ಬತ್ತಿಯನ್ನು ಸರಿಪಡಿಸುತ್ತ ಕುಳಿತೆ.

ಮುಂದಿನ ಏಕಾದಶಿಯನ್ನು ಅವರು ಕಾಣಲಿಲ್ಲ. ಸೀಸೆಯಲ್ಲಿ ಎರಡು ನೊಣಗಳು ಇನ್ನೂ ತೆವಳುತ್ತಿದ್ದವು.

"ಇವಕ್ಕ ತಾಗಿದ ಔಷಧ ಅವರಿಗ್ಯಾಕ ತಾಗಲಿಲ್ಲಪ್ಪ?" ಎಂದು ತಾಯಿ ಕೇಳಿದಳು.

"ದೇವರ ಇಚ್ಛೆ" ಎಂದೆ. ಆ ಮಾತನ್ನು ಅವಳು ಸಾಯುವವರೆಗೆ ನಂಬಿದ್ದಳು. ನಾನು ಪ್ರತಿ ಏಕಾದಶಿಯಂದು ತೀರ್ಥ ತೆಗೆದುಕೊಳ್ಳುವಾಗ ಕಿವಿಯಲ್ಲಿ ಗೆಜ್ಜೆ ಕೇಳಿಸುತ್ತದೆ. ಅದು ದೂರವಾಗುವ ತನಕ ಕೈಯನ್ನು ತುಟಿಗೆ ತರಲಾರೆ.