ಚಂದ್ರಿಕೆಯಲ್ಲಿ ಟ್ರಾನ್ಸಿಸ್ಟರು

ಇವತ್ತು ಬೆಳಿಗ್ಗೆ ಮಾಲೂರು ಸ್ಟೇಷನ್ನಿನಲ್ಲಿ ಹಳಿಯ ಪಕ್ಕಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಿದ್ದರು. ಗಾಳಿ ನಮ್ಮ ಕಡೆಗೇ ಇತ್ತು. ಉಳಿದವರು ಸೆರಗು, ಕರ್ಚೀಫು ಮೂಗಿಗೆ ಹಿಡಿದರು. ನಾನು ಮಾತ್ರ ಮೂಗನ್ನು ಅದರ ಪಾಡಿಗೆ ಬಿಟ್ಟು, ಬ್ಯಾಗನ್ನು ಎದೆಗೆ ಅವುಚಿಕೊಂಡು ಪ್ಲಾಟ್‌ಫಾರಮ್ಮಿನ ಆ ತುದಿಗೆ ಸರಸರನೆ ನಡೆದೆ. ದಿನಾ ಜೊತೆಗೆ ಬರುವ ಸರೋಜಮ್ಮ ಹಿಂದಿನಿಂದ ಕೂಗಿದರು: "ಏನ್ರೀ ಅದು, ಬ್ಯಾಗಲ್ಲಿ ಹಸುಗೂಸು ಮಲಗಿಸಿದ್ದೀರಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೇನಿತ್ತು ಎಂದು ಹೇಳಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರು.

ಈ ವಾಸನೆಗೆ ನಿಮಗೆ ಆಸ್ಪತ್ರೆ ನೆನಪಾಗಬಹುದು, ಊರಿನ ನೀರಿನ ಟ್ಯಾಂಕು ನೆನಪಾಗಬಹುದು. ನನಗೆ ಟ್ರಾನ್ಸಿಸ್ಟರು ನೆನಪಾಗುತ್ತದೆ. ನಮ್ಮ ತಾತ ಕಂಕುಳಲ್ಲಿಟ್ಟುಕೊಂಡು ತಿರುಗುತ್ತಿದ್ದ ರೇಡಿಯೋ ಅಲ್ಲ. ಆ ರೇಡಿಯೋದ ಹೊಟ್ಟೆಯಲ್ಲಿರುವ, ಹುಣಸೆ ಬೀಜಕ್ಕಿಂತ ಚಿಕ್ಕದಾದ, ಮೂರು ಕಾಲಿನ ಕರಿಯ ವಸ್ತು. ಅದರ ಹಿಂದೆಯೇ ನಾಗಮಣಿ ನೆನಪಾಗುತ್ತಾಳೆ.

ಅವಳ ವಿಷಯಕ್ಕೆ ಬರುವ ಮೊದಲು ನನ್ನದೊಂದು ಮಾತು ಹೇಳಿಬಿಡುತ್ತೇನೆ. ವಕ್ಕಲೇರಿ ಪಕ್ಕದ ನಮ್ಮೂರಿನಲ್ಲಿ, ನಮ್ಮ ಮನೆಯಿಂದ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವೇನಿಲ್ಲ. ಬೆಳಗಾಗುವ ಮೊದಲೇ ಹಸು ಕರೆದು, ಡೈರಿಗೆ ಹಾಲು ಹಾಕಿ, ಅದೇ ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ಕೋಲಾರಕ್ಕೆ ಹೋಗಿ ಓದಿದ ಬಿ.ಎಸ್ಸಿ. ಅದು. ಗೌನು ಹಾಕಿಕೊಂಡು ತೆಗೆಸಿದ ಫೋಟೋವನ್ನು ನಮ್ಮಪ್ಪ ದೇವರ ಪಟಗಳ ಸಾಲಿಗೇ ತಗುಲಿಹಾಕಿದ್ದಾರೆ. ಪೂಜೆಯ ಅವಸರದಲ್ಲಿ ಅಮ್ಮ ಅದಕ್ಕೂ ಕುಂಕುಮ ಇಟ್ಟ ದಿನಗಳಿವೆ.

ಆದರೆ ನನಗಿದ್ದದ್ದು ಬರೀ ಓದು. ಕೈ ಪಳಗಿರಲಿಲ್ಲ. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಮೊದಲ ದಿನ ಟ್ರಾನ್ಸಿಸ್ಟರನ್ನು ಹಿಂದುಮುಂದಾಗಿ ಸಿಕ್ಕಿಸಿ ಸುಟ್ಟೆ. ಎರಡನೆಯ ದಿನ ಸರಿಯಾಗಿ ಸಿಕ್ಕಿಸಿಯೂ ಸುಟ್ಟೆ. ಆಗ ಪಕ್ಕದ ಬೆಂಚಿನಿಂದ ಎದ್ದು ಬಂದವಳು ನಾಗಮಣಿ. ಶ್ರೀನಿವಾಸಪುರದ ಆಚೆಯ ಹಳ್ಳಿಯವಳು; ಮನೆಯಲ್ಲಿ ತೆಲುಗು, ಕಾಲೇಜಿನಲ್ಲಿ ನಮ್ಮ ಕನ್ನಡ.

"ಚಪ್ಪಟೆ ಮುಖ ನಿನ್ ಕಡೆ ತಿರುಗಿಸ್ಕೋ. ಕಾಲು ಕೆಳಕ್ಕೆ. ಈಗ ಎಡಗಡೆಯಿಂದ ಕಲೆಕ್ಟರು, ಬೇಸು, ಎಮಿಟರು. ಮೊದಲು ಮುಖ ನೋಡ್ಬೇಕು ಕಣೇ, ಆಮೇಲೆ ಕಾಲು. ನೀನೇನು ಹೆಣ್ಣು ನೋಡೋಕೆ ಬಂದಿರೋ ಅತ್ತೆ ಥರ ಬರೀ ಕಾಲೇ ನೋಡ್ತಿದ್ದೀಯ!"

ಅಂದಿನಿಂದ ಡಿಗ್ರಿ ಮುಗಿಯುವವರೆಗೂ ನಾವು ಒಂದೇ ಬೆಂಚು.

ಅವಳ ಬೆರಳುಗಳಿಗೆ ಒಂದು ಗುಣವಿತ್ತು. ರಾಶಿಯಲ್ಲಿ ಕೈಯಾಡಿಸಿ ಬೇಕಾದ್ದನ್ನು ಆಯ್ದು ತೆಗೆಯುವುದು. ಅದು ಹುಳುವಿನ ಮನೆಯಿಂದ ಬಂದದ್ದು. ಅವರದು ರೇಷ್ಮೆ ಸಾಕುವ ಮನೆ. ಸೊಪ್ಪು ತಿಂದು ತಿಂದು ಹಣ್ಣಾದ ಹುಳು ತಿನ್ನುವುದನ್ನು ಬಿಡುತ್ತದೆ, ಮೈ ಬೆಳಕಿಗೆ ಹಿಡಿದರೆ ಕಾಣುವಷ್ಟು ತೆಳುವಾಗುತ್ತದೆ. ಅಂಥದ್ದನ್ನು ಮಾತ್ರ ಆಯ್ದು ಚಂದ್ರಿಕೆಗೆ ಬಿಡಬೇಕು. ನೋಡಿಲ್ಲದವರಿಗೆ ಹೇಳುವುದಾದರೆ, ಚಂದ್ರಿಕೆ ಎಂದರೆ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ನಿಲ್ಲಿಸಿರುತ್ತಾರೆ. ಆ ಸುರುಳಿಯ ಓಣಿಯಲ್ಲಿ ಹುಳು ಕೂತು ಗೂಡು ಕಟ್ಟುತ್ತದೆ. ಬೇಗ ಆಯ್ದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಈ ಕೆಲಸವನ್ನು ಲಂಗ ಹಾಕುವ ವಯಸ್ಸಿನಿಂದ ಮಾಡಿದ್ದವಳಿಗೆ ರೆಸಿಸ್ಟರಿನ ಬಣ್ಣದ ಪಟ್ಟೆ ಓದುವುದೇನು ಮಹಾ.

ಡಿಗ್ರಿ ಮುಗಿಯಿತು. ನನಗೆ ಒಂದು ಫ್ಯಾಕ್ಟರಿಯಿಂದ ಕರೆ ಬಂತು, ಹೊರಟೆ. ಅವಳಿಗೂ ಬಂದಿತ್ತು, ಅವಳು ಹೊರಡಲಾಗಲಿಲ್ಲ. ಅವಳು ಪಿಯುಸಿಯಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ ರಾಮಲಕ್ಷ್ಮಮ್ಮ ಒಬ್ಬರೇ. ಮಂಡಿ ಹಿಡಿದುಕೊಂಡಿದ್ದ ಹೆಂಗಸು; ಸೊಪ್ಪು ಕೊಯ್ದು, ಹೊತ್ತು, ಹೊತ್ತುಹೊತ್ತಿಗೆ ಹಾಕುವ ಕೆಲಸ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಊರು ಬಿಡುವಂತಿಲ್ಲ, ಓದಿದ್ದನ್ನೂ ಬಿಡಲು ಮನಸ್ಸಿಲ್ಲ. ಇವೆರಡರ ನಡುವೆ ನಾಗಮಣಿ ಒಂದು ದಾರಿ ಹುಡುಕಿದಳು. ಹೈಸ್ಕೂಲು ಮಕ್ಕಳು ಮೊದಲ ಸಲ ಸರ್ಕ್ಯೂಟು ಮಾಡಲು ಬೇಕಾದ ಸಾಮಾನನ್ನೆಲ್ಲ ಒಂದು ಪೊಟ್ಟಣದಲ್ಲಿ ಕಟ್ಟಿ, ಶಾಲೆಗಳಿಗೆ ಒದಗಿಸುವುದು. ಅವರ ಕಡೆಯ ಒಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, "ಒಂದು ಕ್ಲಾಸು ಮಾಡಿ ತೋರಿಸಮ್ಮ. ಚೆನ್ನಾಗಾದ್ರೆ ತಾಲ್ಲೂಕಿನ ಮೀಟಿಂಗಲ್ಲಿ ನಾನೇ ಎಲ್ಲರಿಗೂ ಹೇಳ್ತೀನಿ," ಎಂದಿದ್ದರು. ಆ ಒಂದು ಕ್ಲಾಸಿನ ಮೇಲೆ ಅವಳ ಮುಂದಿನದೆಲ್ಲ ನಿಂತಿತ್ತು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಾಮಾನು ಆರಿಸಲು ಬೆಂಗಳೂರಿನ ಎಸ್.ಪಿ. ರೋಡಿಗೆ ನನ್ನ ರಜೆಯ ದಿನ ಹೋದೆವು. ಅಲ್ಲಿ ನಾನು ಜಾತ್ರೆಗೆ ಬಂದ ಮಗುವಿನಂತೆ ಕಂಡದ್ದೆಲ್ಲ ಬೇಕೆಂದೆ. ದೊಡ್ಡ ಪವರ್ ಟ್ರಾನ್ಸಿಸ್ಟರು, ಹದಿನಾರು ಕಾಲಿನ ಐಸಿ, ನಂಬರು ತೋರಿಸುವ ಡಿಸ್ಪ್ಲೇ. ನಾಗಮಣಿ ಎಲ್ಲದಕ್ಕೂ ತಲೆಯಾಡಿಸಿದಳು.

"ಯಾಕೆ ಬೇಡ?"

"ಹೊಸಬರಿಗೆ ಸುಟ್ಟುಹೋದ್ರೂ ಅಳು ಬರದಂಥದ್ದು ಕೊಡ್ಬೇಕು ಕಣೇ. ದೊಡ್ಡದು ಸುಟ್ಟುಕೊಂಡ ಮಗು ಮತ್ತೆ ಕೈ ಹಾಕಲ್ಲ."

ಹಾಗೆಂದು ಅವಳು ಆರಿಸಿದ್ದು ಬಿ.ಸಿ. ೫೪೭ ಎಂಬ ಟ್ರಾನ್ಸಿಸ್ಟರು. ಎಲ್ಲ ಅಂಗಡಿಯಲ್ಲೂ ಸಿಗುವ ಬಡಪಾಯಿ. ಅದರ ಜೋಡಿಯಾಗಿ, ಕರೆಂಟು ತಿರುವುಮುರುವಾಗಿ ಹರಿಯುವ ೫೫೭ ಸ್ವಲ್ಪ. ಆಮೇಲೆ ಲೋಹದ ಟೋಪಿ ಹಾಕಿಕೊಂಡಿರುವ ಎಸ್‌ಎಲ್ ೧೦೦ ಒಂದಿಷ್ಟು. ಇದೇಕೆ ಎಂದು ಕೇಳಿದ್ದಕ್ಕೆ, ಟೋಪಿಯ ಅಂಚಿನಲ್ಲಿ ಚೂಪಾಗಿ ಚಾಚಿರುವ ಚೂರನ್ನು ತೋರಿಸಿದಳು. "ಇದರ ಪಕ್ಕದ ಕಾಲೇ ಎಮಿಟರು. ಓದೋಕೆ ಬರದೇ ಇದ್ರೂ ಬೆರಳಲ್ಲಿ ಸವರಿದ್ರೆ ಸಾಕು, ತಿಳಿಯುತ್ತೆ. ಜೊತೆಗೆ ನೋಡೋಕೆ ಚೆನ್ನಾಗಿದೆ. ಮಕ್ಕಳಿಗೆ ಒಂದಾದ್ರೂ ಹೊಳೆಯೋದು ಬೇಡ್ವಾ?" ರೆಸಿಸ್ಟರುಗಳಲ್ಲೂ ಹಾಗೆಯೇ, ನಾಲ್ಕೈದು ಬಗೆ ಸಾಕು ಎಂದಳು. ಕೆಂಪು ಎಲ್‌ಇಡಿ, ಬೆಳಕು ಕಂಡರೆ ಗುಣ ಬದಲಿಸುವ ಎಲ್‌ಡಿಆರ್ ಎಂಬ ಬಿಲ್ಲೆ, ಬ್ಯಾಟರಿಯ ಕ್ಯಾಪು. ಅಂಗಡಿಯವನು ತೂಕಕ್ಕೆ ಮಾರುವ ಬೆರಕೆ ಪೊಟ್ಟಣವನ್ನು ಮುಂದೆ ತಳ್ಳಿದಾಗ, "ಅಣ್ಣಾ, ನಾವು ಗೊಬ್ಬರ ತಗೊಳ್ಳೋಕೆ ಬಂದಿಲ್ಲ," ಎಂದುಬಿಟ್ಟಳು. ಅವನು ನಗುತ್ತ ಸ್ಟೂಲು ಕೊಟ್ಟ. ಅವಳು ಕೂತು ಒಂದೊಂದನ್ನೂ ಮೀಟರಿಗೆ ಹಿಡಿದು ತೆಗೆದುಕೊಂಡಳು. ಅಂಗಡಿಯ ಊಟದ ಹೊತ್ತು ಮೀರಿತು.

ಮನೆಗೆ ತಂದದ್ದನ್ನು ಎಲ್ಲಿಡುವುದು? ಅವರ ಮನೆಯ ಶೀಟು ಸೋರುತ್ತಿತ್ತು, ಇಲಿಕಾಟ ಬೇರೆ. ಹುಳುವಿನ ಮನೆಯೊಂದೇ ಊರಿಗೆಲ್ಲ ಚೊಕ್ಕಟವಾದ ಜಾಗ. ಅಲ್ಲಿಗೆ ಹೊರಗಿನವರನ್ನು ಬಿಡುವುದಿಲ್ಲ. ಸೋಂಕಿನ ಭಯ, ಕಣ್ಣಿನ ಭಯ ಎರಡೂ. ಮನೆಯವರೇ ಕಾಲು ತೊಳೆದು ಹೋಗಬೇಕು. ನನ್ನನ್ನೂ ಬಾಗಿಲಲ್ಲೇ ನಿಲ್ಲಿಸಿದ್ದರು. ಅಲ್ಲಿ, ಸ್ಟ್ಯಾಂಡಿನ ಮೇಲ್ಗಡೆ, ಮೂಲೆ ಮುರಿದ ಹಳೆಯ ಚಂದ್ರಿಕೆಯೊಂದನ್ನು ಮಲಗಿಸಿ ನಾಗಮಣಿ ತನ್ನ ಸಾಮಾನು ಜೋಡಿಸಿದಳು. ಸುರುಳಿಯ ಹೊರಗಿನ ಓಣಿಗೆ ರೆಸಿಸ್ಟರು, ಒಳಗೆ ಹೋದಂತೆ ಎಲ್‌ಇಡಿ, ನಟ್ಟನಡುವೆ ಟ್ರಾನ್ಸಿಸ್ಟರು. ನಾನು ಬಾಗಿಲಿಂದ ಕತ್ತು ಚಾಚಿ ನೋಡಿದೆ. ನಿಜ ಹೇಳುತ್ತೇನೆ, ಈಗ ನಾನು ಕೆಲಸ ಮಾಡುವ ಕಡೆ ಲಕ್ಷಗಟ್ಟಲೆ ಸಾಮಾನು ಗಾಜಿನ ಬೀರುಗಳಲ್ಲಿದೆ. ಅಷ್ಟು ಚಂದವಾಗಿ ಜೋಡಿಸಿದ್ದನ್ನು ಮತ್ತೆ ನೋಡಿಲ್ಲ.

ರಾಮಲಕ್ಷ್ಮಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. "ಏಮೇ ಮಣೀ, ನಿನ್ ಹುಳಾನೂ ಚಂದ್ರಿಕೆಗೆ ಬಿಟ್ಟಾಯ್ತು. ಯಾವಾಗಮ್ಮಾ ಇವು ಗೂಡು ಕಟ್ಟೋದು?"

"ಕಟ್ತಾವೆ ಕಣಮ್ಮ. ನೀನು ಮಾತ್ರ ಮುಟ್ಟಬೇಡ. ಒಂದು ಆ ಕಡೆ ಈ ಕಡೆ ಆದ್ರೂ ಎಲ್ಲಾ ಬೆರೆತುಹೋಗುತ್ತೆ."

"ಅಯ್ಯೋ ತಲ್ಲೀ, ನಾನ್ಯಾಕೆ ಮುಟ್ಲಿ!"

ಕ್ಲಾಸಿಗೆ ಮುಂಚಿನ ವಾರ ನಾಗಮಣಿ ನಮ್ಮೂರಿಗೆ ಬಂದಿದ್ದಳು. ಸರ್ಕ್ಯೂಟಿನ ಚಿತ್ರವನ್ನು ಚೆನ್ನಾಗಿ ಬರೆದು ಕೋಲಾರದಲ್ಲಿ ಜೆರಾಕ್ಸ್ ಮಾಡಿಸಿಕೊಂಡು, ನಮ್ಮಮ್ಮನ ಕೈಯ ಬಸ್ಸಾರು ಉಂಡು ಹಿಂದಿರುಗಿದಳು. ಊರಿಗೆ ಹೋಗಿ ಸಾಮಾನನ್ನು ಪೊಟ್ಟಣ ಕಟ್ಟಿದಳು. ಟ್ರಾನ್ಸಿಸ್ಟರುಗಳ ಕಾಲು ಸ್ವಲ್ಪ ಮಂಕಾಗಿವೆ ಅನ್ನಿಸಿತಂತೆ. ಗಾಳಿಗೆ ಹಾಗಾಗುವುದುಂಟು ಎಂದು ಸುಮ್ಮನಾದಳು.

ಕ್ಲಾಸಿನ ದಿನ ನಾನು ರಜೆ ಹಾಕಿ ಹೋಗಿದ್ದೆ. ಮಾಡಬೇಕಿದ್ದದ್ದು ಕತ್ತಲಾದರೆ ತಾನಾಗಿ ಹತ್ತುವ ದೀಪ. ಎಲ್‌ಡಿಆರ್ ಮೇಲೆ ಅಂಗೈ ಮುಚ್ಚಿದರೆ ಎಲ್‌ಇಡಿ ಹತ್ತಬೇಕು, ತೆಗೆದರೆ ಆರಬೇಕು. ಹತ್ತು ಸಾಮಾನೂ ಬೇಡದ ಸರ್ಕ್ಯೂಟು. ಮಕ್ಕಳು ಬೆಸುಗೆಯ ಕಡ್ಡಿ ಹಿಡಿದು ಕೂತರು. ಸೀಸ ಕರಗಿ ಟ್ರಾನ್ಸಿಸ್ಟರಿನ ಕಾಲಿನ ಮೇಲೆ ಬಿತ್ತು; ಹಿಡಿಯಲಿಲ್ಲ. ಗುಂಡಗೆ ಉರುಳಿ ಮೇಜಿನ ಮೇಲೆ ಹೋಯಿತು. ನಾಗಮಣಿ ಒಂದು ಕಾಲನ್ನು ಬ್ಲೇಡಿನಲ್ಲಿ ಕೆರೆದಳು. ಕಾಲೇ ಮುರಿದು ಕೈಗೆ ಬಂತು. ಇನ್ನೊಂದು ಕೆರೆದಳು, ಅದೂ ಬಂತು. ಹೇಗೋ ಅಂಟಿಸಿದ್ದವು ಹತ್ತಲಿಲ್ಲ. ಎರಡು ಜಡೆಯ ಒಂದು ಹುಡುಗಿ ಅಂಗೈ ಮುಚ್ಚುವುದು, ಬಗ್ಗಿ ನೋಡುವುದು, ಮತ್ತೆ ಮುಚ್ಚುವುದು ಮಾಡುತ್ತಲೇ ಇದ್ದಳು. "ಮಿಸ್, ಇನ್ನೂ ಕತ್ತಲು ಬೇಕಾ ಮಿಸ್?" ಎಂದಳು. ನಾಗಮಣಿ ಅವಳ ಬ್ಯಾಟರಿಯ ಕ್ಯಾಪು ಬಿಚ್ಚಿದಳು.

ಮೇಷ್ಟ್ರು ಕೆಟ್ಟವರಲ್ಲ. ಮಕ್ಕಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಯೇ ಕೇಳಿದರು: "ಏನಮ್ಮಾ, ಡೂಪ್ಲಿಕೇಟ್ ಮಾಲು ತಂದ್ಬಿಟ್ರಾ?"

ಒಂದೊಂದನ್ನೂ ಮೀಟರಿಗೆ ಹಿಡಿದು ಆರಿಸಿದವಳಿಗೆ ಈ ಮಾತು. "ಹೌದು ಸಾರ್, ಮೋಸ ಹೋದ್ವಿ," ಎಂದಳು ನಾಗಮಣಿ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಒತ್ತಿದಳು. ಬಸ್ಸು ಬಂದಾಗ, "ನಿನ್ ರಜಾನೂ ದಂಡ ಆಯ್ತು," ಎಂದಳು, ಅಷ್ಟೇ.

ಅಲ್ಲಿಗೆ ಮುಗಿಯಿತು. ಮೀಟಿಂಗಿನಲ್ಲಿ ಯಾರೂ ಏನೂ ಹೇಳಲಿಲ್ಲ. ಅವಳು ಬೆಸುಗೆಯ ಕಡ್ಡಿಯನ್ನು ಮತ್ತೆ ಹಿಡಿಯಲಿಲ್ಲ. ವರ್ಷಗಳು ಹುಳುವಿನ ಲೆಕ್ಕದಲ್ಲಿ ಹೋದವು. ಒಂದು ಬೆಳೆ, ಇನ್ನೊಂದು ಬೆಳೆ. ಫೋನು ಮಾಡಿದರೆ ಸೊಪ್ಪು, ಗೂಡು, ಅಮ್ಮನ ಮಂಡಿ. ನನ್ನ ಕೆಲಸದ ಬಗ್ಗೆ ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ. ಹಸಿದವರ ಮುಂದೆ ಊಟದ ಮಾತಾಡಿದ ಹಾಗೆ ಅನ್ನಿಸುತ್ತಿತ್ತು.

ಈಗ ನನ್ನ ಕೆಲಸ, ಫ್ಯಾಕ್ಟರಿಗೆ ಬಂದ ಬಿಡಿ ಸಾಮಾನನ್ನು ಪರೀಕ್ಷಿಸಿ ಒಳಗೆ ಬಿಡುವುದು. ಕಳೆದ ಮಳೆಗಾಲದಲ್ಲಿ ಒಂದು ಪೆಟ್ಟಿಗೆ ಬಂತು. ಒಳಗಿನ ಟ್ರಾನ್ಸಿಸ್ಟರುಗಳ ಕಾಲೆಲ್ಲ ಕಪ್ಪು, ಅಲ್ಲಲ್ಲಿ ತುಕ್ಕು. ನಮ್ಮ ಹಿರಿಯ ಇಂಜಿನಿಯರು ರಟ್ಟನ್ನು ಮೂಸಿ ನನ್ನ ಮುಂದೆ ಹಿಡಿದರು. "ನೋಡಿ ಮೇಡಂ. ಲಾರೀಲಿ ಬ್ಲೀಚಿಂಗ್ ಪೌಡರ್ ಮೂಟೆ ಜೊತೆ ಹಾಕ್ಕೊಂಡು ಬಂದವ್ರೆ. ಆ ಗಾಳಿ ಸಾಕು, ಕಾಲು ತಿಂದುಹಾಕುತ್ತೆ."

ನಾನು ರಟ್ಟನ್ನು ಇಸಿದುಕೊಂಡು ಮತ್ತೆ ಮೂಸಿದೆ. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಮೊದಲು ಹುಳುವಿನ ಮನೆಗೆ ಬ್ಲೀಚಿಂಗ್ ಪೌಡರಿನ ನೀರು ಹೊಡೆದು, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿಡುತ್ತಾರೆ. ರೋಗ ಉಳಿಯಬಾರದೆಂದು. ನಾಗಮಣಿ ನಮ್ಮೂರಿನಲ್ಲಿದ್ದ ವಾರ ಅವಳ ತಾಯಿ ಮಾಡಿದ್ದು ಅದನ್ನೇ. ಮಗಳು ಮುಟ್ಟಬೇಡ ಎಂದಿದ್ದಳಲ್ಲ, ಚಂದ್ರಿಕೆಯನ್ನು ಇದ್ದಲ್ಲೇ ಬಿಟ್ಟಿದ್ದರು. ಮೇಲೆ ತಮ್ಮ ಹಳೆಯ ಮೆತ್ತನೆಯ ಸೀರೆಯೊಂದನ್ನು ಹೊದಿಸಿದ್ದರು, ನೀರು ಸಿಡಿಯದಿರಲಿ ಎಂದು. ಈ ಸೀರೆಯ ವಿಷಯವನ್ನು ಕ್ಲಾಸಿನ ದಿನ ಅವರೇ ನನಗೆ ಹೆಮ್ಮೆಯಿಂದ ಹೇಳಿದ್ದರು; ಆಗ ನನಗೇನೂ ಹೊಳೆದಿರಲಿಲ್ಲ.

ನಾಗಮಣಿಗೆ ಹೇಳುವುದೋ ಬೇಡವೋ? ನೀನು ಆರಿಸಿದ್ದರಲ್ಲಿ ತಪ್ಪಿರಲಿಲ್ಲ ಎನ್ನಬೇಕಾದರೆ, ನಿನ್ನ ತಾಯಿಯ ಕೈಯಿಂದ ಹೋಯಿತು ಎನ್ನಬೇಕು. ಹೇಳಲಾಗದೆ ಚಳಿಗಾಲ ಕಳೆದೆ. ಅಷ್ಟರಲ್ಲಿ ರಾಮಲಕ್ಷ್ಮಮ್ಮ ಹೋಗಿಬಿಟ್ಟರು.

ತಿಥಿಯ ದಿನ, ನೆಂಟರು ಉಂಡು ಎದ್ದ ಮೇಲೆ, ನಾಗಮಣಿ ನನ್ನನ್ನು ಹುಳುವಿನ ಮನೆಯೊಳಗೆ ಕರೆದಳು. ಬೆಳೆ ಇರಲಿಲ್ಲ, ಸ್ಟ್ಯಾಂಡುಗಳು ಬರಿದಾಗಿದ್ದವು. ಮೊದಲ ಸಲ ಆ ಹೊಸ್ತಿಲು ದಾಟಿದೆ. ಹೇಳಿಬಿಟ್ಟೆ.

"ಗೊತ್ತು ಕಣೇ," ಎಂದಳು. "ಅವತ್ತೇ ಗೊತ್ತಾಯ್ತು. ಮನೇಲಿ ಕಟ್ಟುವಾಗ ಎಲ್ಲಾ ಕಡೆ ಅದೇ ವಾಸನೆ, ತಿಳೀಲಿಲ್ಲ. ಸ್ಕೂಲಲ್ಲಿ ಪೊಟ್ಟಣ ಬಿಚ್ಚಿದಾಗ ಬಂತು."

"ಮತ್ತೆ ಮೇಷ್ಟ್ರಿಗೆ ಯಾಕೆ ಹೇಳ್ಲಿಲ್ಲ? ಬೇರೆ ತಂದು ಇನ್ನೊಂದ್ಸಲ ಮಾಡ್ತಿದ್ವಲ್ಲೇ!"

"ಹೇಳಿದ್ರೆ ಮಾತು ಊರಿಗೆ ಬರ್ತಿತ್ತು. ಅಮ್ಮಂಗೆ ತಿಳೀತಿತ್ತು. ಅವಳು ಆಮೇಲೆ ಅನ್ನ ತಿಂತಿದ್ಲಾ? ಅಂಗಡಿಯೋನ ಮೇಲೆ ಹೋಗ್ಲಿ ಅಂದ್ಕೊಂಡೆ."

ಗೋಡೆಯ ಮೊಳೆಯೊಂದನ್ನು ತೋರಿಸಿದಳು. "ಅಲ್ಲಿ ಕ್ಯಾಲೆಂಡರ್ ಇತ್ತು. ಆ ವರ್ಷದಿಂದ ಅಮ್ಮ ಔಷಧಿ ಹೊಡೆಯೋಕೆ ಮುಂಚೆ ಅದನ್ನೂ ಬಿಚ್ಚಿ ಹೊರಗಿಡ್ತಿದ್ಲು. ಒಂದು ದಾರದ ಚೂರು ಸಹ ಒಳಗೆ ಬಿಡ್ತಿರ್ಲಿಲ್ಲ. ಯಾಕಮ್ಮಾ ಅಂತ ನಾನು ಕೇಳ್ಲಿಲ್ಲ. ಅವಳೂ ಹೇಳ್ಲಿಲ್ಲ."

ಅವಳು ಮೂಲೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಕೈಗಿಟ್ಟಳು. ಅವೇ ಟ್ರಾನ್ಸಿಸ್ಟರುಗಳು. "ನಿಮ್ ಫ್ಯಾಕ್ಟರೀಲಿ ಇಂಥ ಕಸಕ್ಕೆ ಬೇರೆ ಡ್ರಮ್ ಇರುತ್ತಲ್ಲ, ಅದ್ರಲ್ಲಿ ಹಾಕ್ಬಿಡು. ಇಲ್ಲಿ ತಿಪ್ಪೆಗೆ ಹಾಕೋಕೆ ಮನಸ್ಸು ಬರಲ್ಲ."

ಇವತ್ತು ಬೆಳಿಗ್ಗೆ ನನ್ನ ಬ್ಯಾಗಿನಲ್ಲಿದ್ದದ್ದು ಆ ಡಬ್ಬಿ; ಇಷ್ಟು ದಿನ ಒಯ್ಯಲು ಮನಸ್ಸಾಗದೆ ಮನೆಯಲ್ಲೇ ಇಟ್ಟುಕೊಂಡಿದ್ದೆ. ಎಂದೋ ಹಾಳಾದದ್ದನ್ನು, ಎಸೆಯಲೆಂದೇ ಒಯ್ಯುತ್ತಿದ್ದದ್ದನ್ನು ಬ್ಲೀಚಿಂಗ್ ಪೌಡರಿನಿಂದ ಕಾಪಾಡಿಕೊಂಡು ಓಡಿದ್ದೆ.

ಊಟದ ಬಿಡುವಿನಲ್ಲಿ ಡ್ರಮ್ಮಿನ ಹತ್ತಿರ ಹೋದೆ. ಮುಚ್ಚಳ ತೆಗೆದೆ. ಆಮೇಲೆ ಯಾಕೋ ಹಿಂದಕ್ಕೆ ಬಂದು, ಒಂದನ್ನು ಬೆಂಚಿನ ಮೇಲಿಟ್ಟು, ಕಾಲು ಮುರಿದು ಉಳಿದಿದ್ದ ಮೊಂಡುಗಳನ್ನು ಸೂಜಿಯಿಂದ ಮೆಲ್ಲಗೆ ಕೆರೆದು ಮೀಟರು ಹಿಡಿದೆ. ಒಳಗೆ ಸರಿಯಾಗಿತ್ತು. ಇನ್ನೊಂದು ಹಿಡಿದೆ, ಅದೂ ಸರಿ. ಡಬ್ಬಿಯಲ್ಲಿದ್ದವನ್ನೆಲ್ಲ ನೋಡಿದೆ. ಅವಳು ಆರಿಸಿದ್ದರಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಹೊರಗಿನದಕ್ಕೆ ಸೇರಿಕೊಳ್ಳಲು ಕಾಲಿಲ್ಲ, ಅಷ್ಟೇ.

ಫೋನು ಮಾಡಿ ಹೇಳಿದೆ. ಹೊಸ ಬೆಳೆ ಇಟ್ಟಿದ್ದಾಳೆ. ಹುಳು ಸೊಪ್ಪು ತಿನ್ನುವ ಸದ್ದು ಮಾತ್ರ ಕೇಳುತ್ತಿತ್ತು.

"ಟೋಪಿದೂ ಸರಿ ಇತ್ತಾ?" ಎಂದಳು ಕೊನೆಗೆ.

"ಅದೂ ಸರಿ ಇತ್ತು ಕಣೇ."

"ಹೂಂ," ಎಂದಳು. "ಸೊಪ್ಪು ಹಾಕ್ಬೇಕು, ಇಡ್ತೀನಿ."

ಸಂಜೆಯ ರೈಲಿನಲ್ಲಿ ಡಬ್ಬಿ ಮತ್ತೆ ನನ್ನ ತೊಡೆಯ ಮೇಲೆಯೇ ಇತ್ತು. ಮಾಲೂರಿನಲ್ಲಿ ಇಳಿದಾಗ ಹಳಿಯ ಪಕ್ಕದ ಪುಡಿ ಇನ್ನೂ ಬೆಳ್ಳಗಿತ್ತು, ವಾಸನೆಯೂ ಹೋಗಿರಲಿಲ್ಲ. ಈ ಸಲ ನಾನು ಓಡಲಿಲ್ಲ. ಬ್ಯಾಗನ್ನು ಎದೆಗೆ ಹಿಡಿದುಕೊಂಡು, ಅದರ ಪಕ್ಕದಲ್ಲೇ, ಎಲ್ಲರ ಹಿಂದೆ ನಡೆದು ಹೋದೆ.