ಗೊರಕೆಗೊಬ್ಬ ಸಾಕ್ಷಿ

ನಾನು ಗೊರಕೆ ಹೊಡೆಯುತ್ತೇನೋ ಇಲ್ಲವೋ ನನಗೆ ಗೊತ್ತಿಲ್ಲ. ಹೀಗೆ ಹೇಳಿಕೊಳ್ಳಲು ತುಸು ನಾಚಿಕೆಯೇ, ಏಕೆಂದರೆ ಗೊರಕೆಯೇ ನನ್ನ ಹೊಟ್ಟೆಪಾಡು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುವ ಕಾಯಿಲೆಯವರಿಗೆ ಡಾಕ್ಟರು ಸಿ-ಪ್ಯಾಪ್ ಎಂಬ ಮಷಿನ್ ಬರೆದುಕೊಡುತ್ತಾರೆ. ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರ, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕು. ರಾತ್ರಿಯಿಡೀ ಗಾಳಿ ಊದಿ ಗಂಟಲನ್ನು ತೆರೆದಿಡುವುದು ಅದರ ಕೆಲಸ. ಪರೀಕ್ಷೆ ಹುಬ್ಬಳ್ಳಿಯಲ್ಲಿ, ಮಷಿನ್ ಗದಗದ ನಮ್ಮ ಅಂಗಡಿಯಲ್ಲಿ, ಆಮೇಲಿನ ಗೋಳೆಲ್ಲ ನನ್ನ ಪಾಲಿಗೆ.

ಧಾರವಾಡದಿಂದ ಬೇರೆಯಾಗಿ ಇಷ್ಟು ವರ್ಷವಾದರೂ ನಮ್ಮ ಕಡೆಯ ಹಿರಿಯರು ಗದಗನ್ನು ಇನ್ನೂ ಹೊಸ ಜಿಲ್ಲೆ ಎಂದೇ ಕರೆಯುತ್ತಾರೆ. ಆ ಹೊಸ ಜಿಲ್ಲೆಯ ಹಳೆಯ ಬಸ್ಸುಗಳಲ್ಲಿ ಚೀಲ ಹೊತ್ತು ಓಡಾಡುವ ನನಗೆ ಒಂದು ಮಾತು ಚೆನ್ನಾಗಿ ಮನದಟ್ಟಾಗಿದೆ. ಮನುಷ್ಯರು ಹಗಲು ಒಂದೇ ತರಹ ಕಂಡರೂ ನಿದ್ದೆಯಲ್ಲಿ ಊರಿಗೊಂದು ಬಗೆ. ಬೆಟಗೇರಿಯ ನೇಕಾರರೊಬ್ಬರು ಮಷಿನ್ನನ್ನು ಮಗ್ಗದ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಗಾಳಿ ಬರುತ್ತಿಲ್ಲವೆಂದು ಕರೆದರು. ತೆಗೆದು ನೋಡಿದರೆ ಗಾಳಿ ಸೋಸುವ ಜಾಲರಿಯಲ್ಲಿ ಬಣ್ಣಬಣ್ಣದ ನೂಲಿನ ದೂಳು, ಇನ್ನು ತುಸು ಸೇರಿಸಿದರೆ ಒಂದು ಕುಬಸದ ಕಣಕ್ಕೆ ಸಾಕಿತ್ತು. ಮುಂಡರಗಿಯ ಮಾಸ್ತರರು ಮಷಿನ್ನಿನ ನೀರಿನ ತೊಟ್ಟಿಗೆ ಬೋರಿನ ನೀರು ಹಾಕಿ ಹಾಕಿ ಅದರೊಳಗೆ ಸುಣ್ಣ ಬಳಿದಿದ್ದರು. ಶುದ್ಧೀಕರಿಸಿದ ಬಾಟಲಿ ನೀರು ಹಾಕಬೇಕೆಂದರೆ, "ನಾವೆಲ್ಲಾ ಇದನ್ನs ಕುಡದು ದೊಡ್ಡವರಾಗೇವಿ, ಮಷಿನ್‌ಗೇನು ದೊಡ್ಡಸ್ತಿಕಿ?" ಎಂದು ಕೇಳಿದರು. ಅವರು ಕೊಟ್ಟ ಅದೇ ನೀರು ಕುಡಿದು ಎದ್ದು ಬಂದೆ.

ಶಿರಹಟ್ಟಿಯಲ್ಲಿ ಒಬ್ಬರದು ಗಲ್ಲದ ತನಕ ಹಬ್ಬಿದ ಗಲ್ಲಿ ಮೀಸೆ. ಮೀಸೆಯ ಸಂದಿಯಿಂದ ಗಾಳಿ ಸೋರಿ ರಾತ್ರಿಯಿಡೀ ಕುಕ್ಕರಿನ ಹಾಗೆ ಸೀಟಿ. ಮೀಸೆ ಸಣ್ಣದು ಮಾಡಿ ಎಂದು ಕಂಪನಿಯ ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರು ಶಿರಹಟ್ಟಿಗೆ ಬಂದವರಲ್ಲ. ನಾನು ಮೀಸೆಗೆ ಕೈಮುಗಿದು, ಮೂಗಿನ ಹೊಳ್ಳೆಗಷ್ಟೇ ಕೂರುವ ಪುಟ್ಟ ಮಾಸ್ಕು ಕೊಟ್ಟೆ. ಮೀಸೆಯೂ ಉಳಿಯಿತು, ಉಸಿರೂ ಉಳಿಯಿತು.

ಇಷ್ಟೆಲ್ಲ ಬಲ್ಲವನಿಗೆ ತನ್ನ ಗೊರಕೆಯ ಸುದ್ದಿ ಗೊತ್ತಿಲ್ಲವೇ ಎಂದು ನೀವು ನಗಬಹುದು. ಆದರೆ ಯೋಚಿಸಿ ನೋಡಿ, ಜಗತ್ತಿನಲ್ಲಿ ಯಾರೂ ತಮ್ಮ ಗೊರಕೆಯನ್ನು ತಾವು ಪೂರ್ತಿ ಕೇಳಿದವರಿಲ್ಲ. ಹಲ್ಲುನೋವಿಗೆ ಸಾಕ್ಷಿ ಬೇಡ, ಹೊಟ್ಟೆನೋವಿಗೆ ಬೇಡ. ಈ ಕಾಯಿಲೆಗೆ ಮಾತ್ರ ಪಕ್ಕದಲ್ಲೊಬ್ಬರು ಬೇಕು. ನನ್ನ ಹೆಂಡತಿ ಶಾರದಾ ಇದ್ದಾಗ ಬೆಳಗಿನ ಚಹಾದ ಜೊತೆ ರಾತ್ರಿಯ ವರದಿಯನ್ನೂ ಕೊಡುತ್ತಿದ್ದಳು. ನಮ್ಮ ಮನೆ ಗದಗ ಸ್ಟೇಶನ್ನಿನ ಹಿಂದೆ. "ನಿನ್ನೆ ರಾತ್ರಿ ಎರಡು ಗೂಡ್ಸ್ ಗಾಡಿ ಹೋದ್ವು. ಒಂದು ಹೊರಗ, ಒಂದು ಒಳಗ" ಎನ್ನುವಳು. ನಾನು ಸಿಟ್ಟಾಗಿ ಸುಳ್ಳು ಎನ್ನುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಸುಳ್ಳು ಎನ್ನಲಿಕ್ಕೂ ಯಾರೂ ಇಲ್ಲ. ಒಮ್ಮೆ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಟಿಕೆಟ್ ತೆಗೆಸಿ, ನಿದ್ದೆಯಲ್ಲೇ ಊರು ದಾಟಿ ಶಿರಹಟ್ಟಿಯಲ್ಲಿ ಕಣ್ಣುಬಿಟ್ಟೆ. ಪಕ್ಕದ ಸೀಟಿನ ಅಪರಿಚಿತರು, "ಯಪ್ಪಾ, ನಡುವ ಉಸಿರs ನಿಂತಿತ್ತಲ್ರಿ ನಿಮ್ದು, ನಮಗs ಗಾಬರಿ ಆತು" ಎಂದರು. ಹೀಗೆ ಬಸ್ಸಿನ ಕೃಪೆಯಿಂದ ನನಗೂ ಒಂದು ಮಷಿನ್ ಬಂತು. ಬೆಳಿಗ್ಗೆ ಎದ್ದರೆ ಅದರ ಪರದೆಯ ಮೇಲೆ ಒಂದು ಹಸಿರು ನಗುಮುಖ ಮೂಡುತ್ತದೆ, ರಾತ್ರಿ ಚೆನ್ನಾಗಿ ಕಳೆಯಿತು ಎಂದು ಅದರ ಅರ್ಥ. ನಮ್ಮ ಮನೆಯಲ್ಲಿ ಬೆಳಿಗ್ಗೆ ನಗುವ ಮುಖ ಈಗ ಅದೊಂದೇ.

ಮಾಗಡಿ ಕೆರೆಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬರುತ್ತವಲ್ಲ, ಆ ಕಡೆ ಕೆಲಸಕ್ಕೆ ಹೋದಾಗ ಏರಿಯ ಮೇಲೆ ಸುಮ್ಮನೆ ಕೂರುವುದು ನನ್ನ ಚಟ. ಬಾತುಗಳ ಬಗ್ಗೆ ಬಲ್ಲವರು ಒಂದು ವಿಚಿತ್ರ ಹೇಳುತ್ತಾರೆ. ಹಿಂಡಿನ ನಡುವೆ ಮಲಗಿದ್ದು ಎರಡೂ ಕಣ್ಣು ಮುಚ್ಚುತ್ತದಂತೆ, ಅಂಚಿಗೆ ಮಲಗಿದ್ದು ಹೊರಗಡೆಯ ಒಂದು ಕಣ್ಣನ್ನು ತೆರೆದೇ ಇಟ್ಟಿರುತ್ತದಂತೆ. ಕೇಳಿದಾಗ ಹೌದಲ್ಲ ಅನಿಸಿತು. ಒಬ್ಬನೇ ಮಲಗುವವನಿಗೆ ನಾಲ್ಕೂ ಕಡೆ ಅಂಚೇ. ಇದ್ದದ್ದು ಎರಡೇ ಕಣ್ಣು, ಯಾವ ಕಡೆಯದನ್ನು ತೆರೆದಿಡಬೇಕು?

ಲಕ್ಷ್ಮೇಶ್ವರದ ಹುಸೇನಸಾಬರ ಕಥೆಗೆ ಬರುತ್ತೇನೆ, ಇಷ್ಟು ಹೊತ್ತು ಸುತ್ತಿದ್ದೇ ಅದಕ್ಕಾಗಿ. ಅವರು ಹತ್ತಿ ಹಿಂಜಿ ಗಾದಿ ಹೊಲಿಯುವವರು. ಊರಿಗೆಲ್ಲ ನಿದ್ದೆ ಹೊಲಿದುಕೊಟ್ಟ ಮನುಷ್ಯ, ತಾನು ಮಾತ್ರ ಹಗಲು ದಬ್ಬಣ ಹಿಡಿದುಕೊಂಡೇ ತೂಕಡಿಸುತ್ತಿದ್ದರು. ಹೃದಯ ಆಗಲೇ ದಣಿದಿದೆ, ಮಷಿನ್ ಬಿಟ್ಟರೆ ಅಪಾಯ ಎಂದು ಹುಬ್ಬಳ್ಳಿಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆದರೆ ಮಷಿನ್ ತಾನೇ ಬರೆದಿಡುವ ರಾತ್ರಿಯ ಲೆಕ್ಕದಲ್ಲಿ ದಿನವೂ ಒಂದೇ ತಕರಾರು. ಮಲಗಿ ತುಸು ಹೊತ್ತಿಗೆಲ್ಲ ಮಾಸ್ಕು ಮುಖದ ಮೇಲಿಲ್ಲ.

ಇದು ಎಲ್ಲೆಡೆ ಇರುವ ತೊಂದರೆಯೇ. ನಿದ್ದೆಗಣ್ಣಿನಲ್ಲಿ ಕಿತ್ತೆಸೆಯುತ್ತಾರೆ, ಬೆಳಿಗ್ಗೆ ನೆನಪಿರುವುದಿಲ್ಲ. ಮೂಗು ಕಟ್ಟಿರಬಹುದೆಂದು ಗಾಳಿಯ ತೇವ ಹೆಚ್ಚಿಸಿದೆ. ಗಾಳಿಯ ಜೋರು ಮೊದಲು ಮೆಲ್ಲಗಿದ್ದು ಆಮೇಲೆ ಏರುವಂತೆ ಮಾಡಿದೆ. ಗಡ್ಡಕ್ಕೆ ಒಗ್ಗುವ ಬೇರೆ ಮಾಸ್ಕು ಕೊಟ್ಟೆ. ಹಗಲು ರೇಡಿಯೋ ಕೇಳುತ್ತ ಹಾಕಿಕೊಂಡು ರೂಢಿ ಮಾಡಿಕೊಳ್ಳಿ ಎಂದೆ, ಪಾಪ ಅದನ್ನೂ ಮಾಡಿದರು. ಏನೂ ಉಪಯೋಗವಾಗಲಿಲ್ಲ.

"ನಾ ತಗಿಯಂಗಿಲ್ರಿ ಸರ, ಖರೇನ" ಎಂದರು ಹುಸೇನಸಾಬ. "ಮುಂಜಾನಿ ನೋಡಿದ್ರ ಮೊಳಿಗೆ ನೇತಾಡ್ತಿರ್ತೈತಿ. ನನ್ನ ನಸೀಬದಾಗ ಇದು ಇಲ್ಲ. ವಾಪಸ್ ಒಯ್ದುಬಿಡ್ರಿ."

ನಿದ್ದೆಗಣ್ಣಿನಲ್ಲಿ ಕಿತ್ತೆಸೆದ ಮಾಸ್ಕು ನೆಲಕ್ಕೆ ಬೀಳಬೇಕು, ಮೊಳೆಗೆ ಹೇಗೆ ಹೋಗುತ್ತದೆ? ನಾನು ತಲೆ ಎತ್ತಿದೆ. ಅವರ ಹೆಂಡತಿ ಮಾಬೂಬಿ ಅಕ್ಕಾರು ಬಾಗಿಲಲ್ಲಿ ಚಹಾ ಹಿಡಿದುಕೊಂಡು ನಿಂತಿದ್ದರು, ಮುಖ ಬಾಡಿತ್ತು.

"ನಾನs ತಗೀತೀನ್ರಿ" ಎಂದರು.

ಹುಸೇನಸಾಬ ಹೆಂಡತಿಯ ಕಡೆ ಪೂರ್ತಿ ತಿರುಗಿ ಕೂತರು.

"ಮದಿವ್ಯಾದಾಗಿಂದ ಇವರ ಗೊರಕಿ ಕೇಳ್ಕೋತನ ಮಲಗೀನ್ರಿ. ಗೊರಕಿ ನಿಂತ್ರ ನನಗ ಎಚ್ಚರ. ಮೊಳಕೈಲೆ ಒಂದು ತಿವಿದ್ರ ಮತ್ತ ಉಸಿರು ಬರ್ತಿತ್ತು. ಈಗ ಈ ಮಷಿನ್ ಹಾಕ್ಕೊಂಡ್ರ ಒಮ್ಮಿಗೇ ಗಪ್ಪ. ಮುಖಾನೂ ಮುಚ್ಚಿರ್ತೈತಿ. ಮನಿಷಾ ಅದಾರೋ ಇಲ್ಲೋ ಹೆಂಗ ತಿಳಕೋಬೇಕ್ರಿ? ತಗದು ಮೊಳಿಗೆ ಹಾಕ್ತೀನಿ. ಗೊರಕಿ ಚಾಲೂ ಆತಂದ್ರ ನನಗ ಸಮಾಧಾನ, ನಿದ್ದಿ ಹತ್ತತೈತಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮಾಸ್ಕು ಹಾಕಿಕೊಳ್ಳುವವರಿಗೆ ನಾನು ಎಲ್ಲವನ್ನೂ ಹೇಳಿಕೊಡುತ್ತೇನೆ. ಪಕ್ಕದಲ್ಲಿ ಮಲಗುವವರನ್ನು ಒಂದು ಮಾತೂ ಕೇಳಿರಲಿಲ್ಲ. ಶಾರದಾಳೂ ಹೀಗೆಯೇ ಮೊಳಕೈಯಿಂದ ತಿವಿಯುತ್ತಿದ್ದಳು. ಜಗಳಗಂಟಿ, ನಿದ್ದೆ ಕೆಡಿಸುತ್ತಾಳೆ ಎಂದು ನಾನು ಆಚೆ ಹೊರಳುತ್ತಿದ್ದೆ. ಅಷ್ಟು ವರ್ಷ ನನ್ನ ಉಸಿರಿಗೆ ಕಾವಲಿದ್ದವಳು ಅವಳು ಎಂಬುದು ಲಕ್ಷ್ಮೇಶ್ವರದ ಆ ಮನೆಯಲ್ಲಿ, ಕೈಯಲ್ಲಿ ಚಹಾದ ಕಪ್ಪು-ಬಸಿ ಹಿಡಿದುಕೊಂಡಾಗ ತಿಳಿಯಿತು.

ಹಾಡಹಗಲೇ ಹುಸೇನಸಾಬರನ್ನು ಅವರೇ ಹೊಲಿದ ಗಾದಿಯ ಮೇಲೆ ಮಲಗಿಸಿ ಮಾಸ್ಕು ಹಾಕಿದೆ. "ಅಕ್ಕಾರ, ಬರ್ರಿ ಇಲ್ಲೆ. ಈ ಸಣ್ಣ ತೂತು ಅದಾವಲ್ಲ, ಇವರು ಬಿಟ್ಟ ಉಸಿರು ಹೊರಗ ಬರೂ ಹಾದಿ ಇದು. ಕೈ ಇಟ್ಟು ಮುಚ್ಚಬ್ಯಾಡ್ರಿ, ಹೊದಿಕಿನೂ ಹೊಚ್ಚಬ್ಯಾಡ್ರಿ. ಒಂದು ಗೇಣು ದೂರ ಅಂಗೈ ಹಿಡೀರಿ. ಇನ್ನೊಂದು ಕೈ ಹೊಟ್ಟಿ ಮ್ಯಾಲ ಇಡ್ರಿ." ನಾನು ಕಿಟಕಿಯ ಕಡೆ ತಿರುಗಿ ನಿಂತೆ. ತುಸು ಹೊತ್ತಿನ ಮೇಲೆ ಹಿಂದಿನಿಂದ ದನಿ ಬಂತು.

"ಹಾಂ, ಹೊಟ್ಟಿ ಏರಿಳಿಯಾಕತ್ತೈತಿ. ಗಾಳಿನೂ ಬೆಚ್ಚಗ ಬರಾಕತ್ತೈತ್ರಿ." ಆಮೇಲೆ, "ಗೊರಕಿಕಿಂತ ಇದs ಛಲೋ" ಎಂದರು.

ಅದಾದ ಮೇಲೆ ಮಾಸ್ಕು ಮೊಳೆಗೆ ಹೋಗಲಿಲ್ಲ. ಹುಸೇನಸಾಬರ ದಬ್ಬಣ ಈಗ ತೂಕಡಿಸುವುದಿಲ್ಲ.

ಮುಂದಿನ ಸಲ ಹೋದಾಗ, ನಾನೂ ಇದನ್ನೇ ಹಾಕಿಕೊಳ್ಳುತ್ತೇನೆಂದು ಮಾತಿಗೆ ಹೇಳಿದೆ. ಮಾಬೂಬಿ ಅಕ್ಕಾರು ಥಟ್ಟನೆ ಕೇಳಿದರು: "ನಿಮ್ಮ ಹೊಟ್ಟಿ ಮ್ಯಾಲ ಕೈ ಇಟ್ಟು ನೋಡೋರು ಯಾರದಾರ್ರಿ?"

"ಮಷಿನ್ ನೋಡ್ತೈತ್ರಿ ಅಕ್ಕಾರ. ಮುಂಜಾನಿ ನಗ್ತೈತಿ."

"ಅದು ನಕ್ಕರೇನ್ ಬಂತು ತಮ್ಮಾ, ಬೈಯಾಕ ಬರತೈತೇನ್ ಅದಕ್ಕ?" ಎಂದರು. ಆ ಹೊತ್ತಿಗೆ 'ಸರ' ಹೋಗಿ 'ತಮ್ಮ' ಆಗಿದ್ದೆ. "ದಿನಾ ಎದ್ದಕೂಡಲೆ ನನಗೊಂದು ಮಿಸ್ ಕಾಲ್ ಕೊಡು. ನಾ ಎತ್ತಂಗಿಲ್ಲ. ಎದ್ದೀ ಅಂತ ತಿಳಕೋತೀನಿ."

ನಮ್ಮ ಕಡೆ ಮಿಸ್ ಕಾಲ್ ಒಂದು ದೊಡ್ಡ ಭಾಷೆ. ಬಸ್ ಹತ್ತಿದೆ, ಊಟಕ್ಕೆ ಬಾ, ಮುಟ್ಟಿದೆ, ಎಲ್ಲದಕ್ಕೂ ಎರಡು ಸಲ ರಿಂಗ್ ಮಾಡಿ ಕತ್ತರಿಸಿಬಿಟ್ಟರೆ ಆಯಿತು. ಅದರಲ್ಲಿ 'ಉಸಿರಾಡುತ್ತಿದ್ದೇನೆ' ಎಂಬ ಸುದ್ದಿಯನ್ನೂ ಕಳಿಸಬಹುದೆಂದು ನನಗೆ ಹೊಳೆದಿರಲಿಲ್ಲ. ಸುಮ್ಮನೆ ಹೂಂ ಎಂದು ಬಂದೆ. ಆದರೆ ಮರುದಿನ ಕೈ ತಾನಾಗಿ ಫೋನಿಗೆ ಹೋಯಿತು, ನಗುಮುಖ ನೋಡುವುದಕ್ಕೂ ಮೊದಲು.

ಮೊನ್ನೆ ಏನಾಯಿತೋ, ಎರಡೂ ಕಣ್ಣು ಮುಚ್ಚಿ ಹಾಯಾಗಿ ಮಲಗಿಬಿಟ್ಟೆ. ಬಿಸಿಲು ಹಾಸಿಗೆಗೆ ಬಂದಾಗ ಫೋನು ಬಡಿದುಕೊಳ್ಳುತ್ತಿತ್ತು. ಮಾಸ್ಕು ಕಿತ್ತು ಎತ್ತಿದರೆ, "ಅದೀಯೇನ್ ತಮ್ಮಾ?" ಎಂದು ನಡುಗುವ ದನಿ. ಇದ್ದೇನೆಂದು ಹೇಳಿದ್ದೇ ತಡ, ದನಿ ಬದಲಾಯಿತು. "ಎಷ್ಟೊತ್ತಿನ ತನಕಾ ಬೀಳೋದು? ಎಷ್ಟು ಸಲ ಹಚ್ಚಬೇಕು ನಿನಗ? ಗದಗಿಗೆ ಬರಾಕ ಇವರು ಗಾಡಿ ಚಾಲೂ ಮಾಡ್ಕೊಂಡು ನಿಂತಾರ, ಖಬರ ಐತೇನ್ ನಿನಗ?" ಹಿಂದುಗಡೆ ಹುಸೇನಸಾಬರ ಸ್ಕೂಟರು ನಿಜಕ್ಕೂ ಗುಡುಗುಡು ಎನ್ನುತ್ತಿತ್ತು.

ನಾನು ಹಾಸಿಗೆಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡೆ. ಬೈಸಿಕೊಂಡು ಬಹಳ ವರ್ಷವಾಗಿತ್ತು.